ರಿಮ್ಮಿನ ಮೂರು ಮೈ

ಮಾವ ಹೊಳಲ್ಕೆರೆಯಲ್ಲಿ ಲಾರಿ, ಟ್ರ್ಯಾಕ್ಟರು, ಕಾರುಗಳಿಗೆ ಬಣ್ಣ ಹೊಡೆಯುವ ಕಸುಬಿನವರು. ಅಳಿಯ ಬಿ.ದುರ್ಗ ಹೋಬಳಿಯ ಹಳ್ಳಿಯೊಂದರಿಂದ ಹಳೆಯ ಆಲ್ಟೋದಲ್ಲಿ ದಿನವೂ ಕೆಲಸಕ್ಕೆ ಓಡಾಡುವವನು. ಆಷಾಢದ ಒಂದು ಮಧ್ಯಾಹ್ನ ಶೆಡ್ಡಿನ ನೆರಳಲ್ಲಿ ಕೂತು ಇಬ್ಬರೂ ಆಡಿದ ಮಾತು ಇದು.

ಅಳಿಯ: ಮಾವ, ಗಾಡಿ ಓಡೋದಕ್ಕೆ ಏನೂ ತೊಂದರೆ ಇಲ್ಲ. ಆದರೆ ನಾಲ್ಕೂ ರಿಮ್ ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗಿವೆ. ವೀಲ್ ಕ್ಯಾಪುಗಳೂ ಎಲ್ಲೋ ಬಿದ್ದುಹೋಗಿವೆ. ಅಲಾಯ್ ಹಾಕಿಸಿಬಿಡೋಣ ಅಂತ ಯೋಚನೆ.

ಮಾವ: ನಿನ್ನ ಟೈರ್ ಹೆಂಗವೆ?

ಅಳಿಯ: ಮುಂದಿನ ಎರಡು ಸವೆದಿವೆ.

ಮಾವ: ಹಂಗಾದ್ರೆ ದುಡ್ಡು ಅಲ್ಲಿಗೆ ಹೋಗ್ಲಿ. ಮಳೆಗಾಲದಲ್ಲಿ ರಸ್ತೆ ಹಿಡಿಯೋದು ಟೈರು, ರಿಮ್ಮಿನ ಹೊಳಪಲ್ಲ. ಕಂಪನಿಯವರು ಕೊಟ್ಟ ರಿಮ್ ಬರೀ ಕಬ್ಬಿಣದ್ದು ಅಂತ ಹಗುರ ಮಾಡಬ್ಯಾಡ. ಗಾಡಿಯ ತೂಕ, ಬ್ರೇಕು, ಟೈರಿನ ಅಳತೆ ಎಲ್ಲ ಲೆಕ್ಕ ಹಾಕಿ ಮಾಡಿದ್ದು ಅದು. ನಮ್ಮ ಹಳ್ಳಿ ರಸ್ತೆಯ ಗುಂಡಿಗೆ ಜೋರಾಗಿ ಬಿದ್ರೆ ಕಬ್ಬಿಣದ ರಿಮ್ ಸಾಮಾನ್ಯವಾಗಿ ಬಗ್ಗತೈತೆ, ಅಲಾಯ್ ಸೀಳೋ ಸಂಭವ ಜಾಸ್ತಿ. ಬಗ್ಗಿದ್ದನ್ನ ತಿದ್ದಬಹುದು.

ಅಳಿಯ: ಸರಿ, ಅದನ್ನೇ ಉಳಿಸಿಕೊಳ್ಳೋಣ. ಒಂದು ಡಬ್ಬ ಸಿಲ್ವರ್ ಸ್ಪ್ರೇ ತಂದು ಹೊಡೆದರೆ ಮುಗೀತಲ್ಲ?

ಮಾವ: ಇಲ್ಲ ಕಣಪ್ಪ. ಹಂಗೆ ಹೊಡೆದ ಬಣ್ಣ ಮುಂದಿನ ಮಳೆಗಾಲಕ್ಕೆ ಪದರ ಪದರ ಎದ್ದು ಬರ್ತೈತೆ. ರಿಮ್ ಏನು ಅಂತ ಮೊದಲು ತಿಳ್ಕೋ. ಅದು ಎರಡು ತುಂಡು. ಉಕ್ಕಿನ ಪಟ್ಟಿಯನ್ನ ಬಳೆಯಂಗೆ ಸುತ್ತಿ, ತುದಿ ಬೆಸೆದು, ರೋಲರಿನಲ್ಲಿ ಆಕಾರ ಕೊಟ್ಟಿದ್ದು ಹೊರಗಿನ ತುಂಡು. ತಗಡನ್ನ ಪ್ರೆಸ್ಸಲ್ಲಿ ಒತ್ತಿ ಮಾಡಿದ ತಟ್ಟೆ ಒಳಗಿನದು. ಎರಡನ್ನೂ ವೆಲ್ಡ್ ಮಾಡಿರ್ತಾರೆ. ಆಮೇಲೆ ಇಡೀ ರಿಮ್ಮನ್ನ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹಾಯಿಸ್ತಾರೆ. ಸಂದಿಗೊಂದಿಗೂ ಬಣ್ಣ ಕಚ್ಚಿಕೊಳ್ತೈತೆ. ಅದನ್ನ ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡ್ತಾರೆ. ಅಂಥ ಪದರ ನಮ್ಮ ಶೆಡ್ಡಲ್ಲಿ ಬರೋದಿಲ್ಲ. ಆದ್ರಿಂದ ಅದು ಎಲ್ಲೆಲ್ಲಿ ಗಟ್ಟಿಯಾಗಿ ಉಳಿದೈತೋ ಅಲ್ಲಿ ಪೂರ್ತಿ ಕೆರೆದು ತೆಗೀಬ್ಯಾಡ. ಅದೇ ನಿನ್ನ ಒಳ್ಳೇ ಪ್ರೈಮರ್.

ಅಳಿಯ: ಹಾಗಾದರೆ ತುಕ್ಕು ಹಿಡಿದ ಜಾಗ ಮಾತ್ರ ನೋಡಿಕೊಂಡರೆ ಸಾಕಾ?

ಮಾವ: ಎಲ್ಲಿ ನೋಡ್ಬೇಕು ಅನ್ನೋದೇ ಮುಖ್ಯ. ರಿಮ್ಮಿಗೆ ಮೂರು ಮೈ. ಒಂದು ಕಾಣೋ ಮೈ, ರಸ್ತೆಯಲ್ಲಿ ನಿಂತವರಿಗೆ ಕಾಣೋದು. ಇನ್ನೊಂದು ಕಾಣದ ಮೈ, ಬ್ರೇಕಿನ ಕಡೆಗಿರೋ ಹಿಂಬದಿ. ಮೂರನೆಯದು ಕೂರೋ ಮೈ. ಟೈರಿನ ಅಂಚು ಕೂರೋ ಜಾಗ, ಹಬ್ಬಿಗೆ ತಾಗಿ ಕೂರೋ ಜಾಗ, ನಟ್ಟು ಕೂರೋ ಕುಳಿ. ಜನ ಎಲ್ಲ ದುಡ್ಡೂ ಕಾಣೋ ಮೈಗೆ ಸುರೀತಾರೆ. ನಾನು ಹೇಳೋದು ತಿರುಗಾಮುರುಗ. ಮೊದಲು ಕೂರೋ ಮೈ, ಆಮೇಲೆ ಕಾಣದ ಮೈ, ಕಡೆಗೆ ಕಾಣೋ ಮೈ.

ಅಳಿಯ: ಕೂರೋ ಮೈಗೆ ಯಾವ ಬಣ್ಣ?

ಮಾವ: ಬಣ್ಣವೇ ಬ್ಯಾಡ. ನಟ್ಟು ಕೂರೋ ಕುಳಿಯಲ್ಲಿ ಬಣ್ಣ ದಪ್ಪಗೆ ಕೂತಿದ್ರೆ ನೀನು ಬಿಗಿ ಮಾಡಿದ್ದು ಕಬ್ಬಿಣದ ಮೇಲಲ್ಲ, ಬಣ್ಣದ ಮೇಲೆ. ಗಾಡಿ ಓಡಿದಂಗೆಲ್ಲ ಆ ಬಣ್ಣ ನುರೀತೈತೆ. ನುರಿದಷ್ಟು ನಟ್ಟು ಸಡಿಲ. ಹಬ್ಬಿಗೆ ತಾಗೋ ಮೈಯಲ್ಲೂ ಅದೇ ಕಥೆ. ನಮ್ಮ ಅಪ್ಪನ ಕಾಲದಲ್ಲಿ ಎತ್ತಿನಗಾಡಿಗೆ ಕೆಂಪು ಹಸಿರು ಅಂತ ಏನೆಲ್ಲ ಬಣ್ಣ ಬಳಿದ್ರೂ ಅಚ್ಚು ಹಾಯೋ ತೂತಿಗೆ ಕೀಲೆಣ್ಣೆ ಬಿಟ್ರೆ ಬೇರೇನೂ ಮುಟ್ಟಿಸ್ತಿರ್ಲಿಲ್ಲ. ಎರಡು ವಸ್ತು ಒಂದನ್ನೊಂದು ಹಿಡಿದು ಕೆಲಸ ಮಾಡೋ ಜಾಗಕ್ಕೆ ಅಲಂಕಾರ ಆಗಬರಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಕಂಪನಿಯವರ ತೆಳು ಪದರ ಅಲ್ಲಿದ್ರೆ ಇರ್ಲಿ, ಒರೆಸಿ ಮಣ್ಣು ತೆಗಿ. ನಿನ್ನದು ಅದರ ಮೇಲೆ ಬೀಳದಂಗೆ ಮಾಸ್ಕಿಂಗ್ ಟೇಪನ್ನ ದುಂಡಗೆ ಕತ್ತರಿಸಿ ಅಂಟಿಸು.

ಅಳಿಯ: ಟೈರಿನ ಅಂಚು ಕೂರುವ ಜಾಗ? ನನ್ನ ಹಿಂದಿನ ಎಡಗಡೆ ಗಾಲಿಯಲ್ಲಿ ವಾರಕ್ಕೊಮ್ಮೆ ಗಾಳಿ ಕಮ್ಮಿಯಾಗುತ್ತೆ. ಪಂಕ್ಚರ್ ಅಂಗಡಿಯವರು ನೀರಲ್ಲಿ ಮುಳುಗಿಸಿ ನೋಡಿ ಟೈರಲ್ಲಿ ತೂತೇ ಇಲ್ಲ ಅಂತಾರೆ.

ಮಾವ: ಟ್ಯೂಬ್‌ಲೆಸ್ ಟೈರಲ್ಲವಾ? ಅದರಲ್ಲಿ ಗಾಳಿ ಹಿಡಿಯೋದು ಟೈರಿನ ಅಂಚು ಮತ್ತೆ ರಿಮ್ಮು ಎರಡೂ ಒತ್ತಿಕೊಂಡಿರೋದ್ರಿಂದ. ರಿಮ್ಮಿನ ಅಂಚಲ್ಲಿ ತುಕ್ಕು ಹೆಪ್ಪುಗಟ್ಟಿದ್ರೆ ಅಲ್ಲಿಂದ ಸಣ್ಣಗೆ ಗಾಳಿ ಸೋರತೈತೆ. ವಾಲ್ವನ್ನೂ ಒಮ್ಮೆ ನೋಡಿಸು. ಆ ಗಾಲಿಯ ಟೈರನ್ನ ಬಿಚ್ಚಿಸಲೇಬೇಕು. ಅಂಚನ್ನ ವೈರ್ ಬ್ರಶ್ಶಲ್ಲಿ ಉಜ್ಜಿ, ನುಣ್ಣಗೆ ಎಮರಿ ಹಾಕಿ, ತೆಳ್ಳಗೆ ಒಂದೇ ಒಂದು ಕೋಟ್ ಪ್ರೈಮರ್. ಪುಟ್ಟಿ ಮೆತ್ತಬ್ಯಾಡ. ಗಾಳಿ ಸೋರದ ಉಳಿದ ಗಾಲಿಗಳಿಗೆ ಟೈರ್ ಬಿಚ್ಚಿಸೋ ಖರ್ಚೂ ಬ್ಯಾಡ. ಗಾಳಿ ಬಿಟ್ಟು ಟೈರನ್ನ ಕಾಲಲ್ಲಿ ಒತ್ತಿ ಹಿಂದೆ ಸರಿಸು. ಹಳೇ ಲಗ್ನಪತ್ರಿಕೆಗಳನ್ನ ಅಂಗೈ ಅಗಲ ಕತ್ತರಿಸಿ ರಿಮ್ಮಿಗೂ ಟೈರಿಗೂ ನಡುವೆ ಒಂದರ ಮೇಲೊಂದು ಬರೋಹಂಗೆ ಸುತ್ತಲೂ ಸಿಕ್ಕಿಸು. ಟೇಪಿಗಿಂತ ಚೊಕ್ಕಟವಾಗಿ ಬಣ್ಣ ತಡೀತೈತೆ.

ಅಳಿಯ: ಕಾಣದ ಮೈಗೆ ಅಷ್ಟೊಂದು ಮಹತ್ವ ಯಾಕೆ ಮಾವ? ಯಾರೂ ನೋಡಲ್ಲವಲ್ಲ.

ಮಾವ: ಯಾರೂ ನೋಡದ್ದಕ್ಕೇ ತುಕ್ಕು ಅಲ್ಲಿ ಮೊದಲು ಮನೆ ಮಾಡ್ತೈತೆ. ನಿನ್ನ ಗಾಡಿ ತಿರುಗೋ ದಾರಿ ನೋಡು. ಭೀಮಸಮುದ್ರದ ಕಡೆ ನೆಲ ಯಾಕೆ ಅಷ್ಟು ಕೆಂಪು? ಅಲ್ಲಿರೋದು ಕಬ್ಬಿಣದ ಅದಿರು. 2011ರ ಆಗಸ್ಟಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗ, ತುಮಕೂರು ಜಿಲ್ಲೆಯ ಗಣಿಗಳನ್ನ ನಿಲ್ಲಿಸೋವರೆಗೂ ಆ ರಸ್ತೆ ತುಂಬ ಅದಿರಿನ ಲಾರಿಗಳೇ. ಆಮೇಲೆ ಕಟ್ಟುಪಾಡಿನ ಮೇಲೆ ಮತ್ತೆ ಶುರುವಾಯ್ತು. ಆ ದಾರಿಯ ಕೆಂಪು ಕೆಸರು ರಿಮ್ಮಿನ ಹಿಂಬದಿಗೆ ಹಾರಿ, ಬಳೆಯ ಒಳಮೈಯಲ್ಲಿ ಮೆತ್ತಿಕೊಳ್ತೈತೆ. ಕೆಸರು ಹಿಡಿದಿಟ್ಟ ತೇವ ದಿನಗಟ್ಟಲೆ ಆರೋದಿಲ್ಲ. ನೀರು, ಗಾಳಿ, ಕಬ್ಬಿಣ ಮೂರೂ ಒಂದು ಕಡೆ ಸೇರಿದ್ರೆ ತುಕ್ಕಿಗೆ ಇನ್ನೇನು ಬೇಕು? ಮುಂದಿನ ಗಾಲಿಗಳಿಗೆ ಬ್ರೇಕಿನ ಪುಡಿ ಬೇರೆ. ಆಲ್ಟೋಗೆ ಡಿಸ್ಕ್ ಬ್ರೇಕ್ ಇರೋದು ಮುಂದೆ, ಹಿಂದೆ ಡ್ರಮ್. ಬ್ರೇಕ್ ಹಿಡಿದಾಗ ಹಾರೋ ಕಬ್ಬಿಣದ ಸಣ್ಣ ಪುಡಿ ಬಿಸಿಬಿಸಿಯಾಗಿ ಬಣ್ಣಕ್ಕೆ ಕಚ್ಚಿಕೊಳ್ತೈತೆ.

ಅಳಿಯ: ಒಂದು ಸಂದೇಹ. ಅಲ್ಲಿನ ಕೆಮ್ಮಣ್ಣೂ ಕಬ್ಬಿಣದ ಆಕ್ಸೈಡ್, ತುಕ್ಕೂ ಕಬ್ಬಿಣದ ಆಕ್ಸೈಡ್, ನೀವು ಬಳಿಯೋ ರೆಡ್ ಆಕ್ಸೈಡೂ ಅದೇ. ಒಂದು ತಿನ್ನುತ್ತೆ, ಇನ್ನೊಂದು ಕಾಯುತ್ತೆ. ಹೇಗೆ?

ಮಾವ: ಒಳ್ಳೇದು ಕೇಳಿದೆ. ರಿಮ್ಮಿನ ಮೇಲೆ ಏಳೋ ತುಕ್ಕು ನೀರು ಸೇರಿಕೊಂಡ ಪೊಳ್ಳು ಪುಡಿ. ಹಕ್ಕಳೆಯಂಗೆ ಉದುರತೈತೆ, ಅಡಿಯಲ್ಲಿರೋ ಕಬ್ಬಿಣಕ್ಕೆ ಮತ್ತೆ ನೀರು ಮುಟ್ಟತೈತೆ, ಅದೂ ತುಕ್ಕಾಗತೈತೆ. ಪ್ರೈಮರಲ್ಲಿರೋ ಪುಡಿ ಇನ್ನು ಬದಲಾಗೋದಿಲ್ಲ, ಬಿಸಿಲಿಗೂ ಜಗ್ಗೋದಿಲ್ಲ. ಅದನ್ನ ಎಣ್ಣೆಯಂಥ ಅಂಟಲ್ಲಿ ಕಲಸಿರ್ತಾರೆ. ಆ ಅಂಟು ಒಣಗಿ ಕಬ್ಬಿಣಕ್ಕೆ ಹಿಡ್ಕೊಂಡು ನೀರಿಗೆ ಅಡ್ಡ ನಿಲ್ಲತೈತೆ. ಆದ್ರೆ ಬರೀ ರೆಡ್ ಆಕ್ಸೈಡ್ ಬಳಿದು ಹಂಗೇ ಬಿಟ್ರೆ ಉಪಯೋಗ ಇಲ್ಲ. ಅದು ನೀರು ಕುಡೀತೈತೆ. ಮೇಲೆ ಬಣ್ಣ ಬೇಕೇ ಬೇಕು.

ಅಳಿಯ: ಸರಿ, ಕೆಲಸ ಎಲ್ಲಿಂದ ಶುರು ಮಾಡಲಿ? ನಾಲ್ಕೂ ಗಾಲಿ ಬಿಚ್ಚಿ ಗಾಡಿಯನ್ನ ಕಲ್ಲಿನ ಮೇಲೆ ನಿಲ್ಲಿಸಿದರೆ ನಾನು ಕೆಲಸಕ್ಕೆ ಹೋಗೋದು ಹೇಗೆ?

ಮಾವ: ಕಲ್ಲಿನ ಮೇಲೆ ಗಾಡಿ ನಿಲ್ಲಿಸೋ ಮಾತೇ ಬ್ಯಾಡ, ಅದು ಅಪಾಯ. ನಿನ್ನ ಸ್ಟೆಪ್ನಿ ಉಳಿದ ನಾಲ್ಕರ ಅಳತೆಯದ್ದೇ, 12 ಇಂಚು. ಮೊದಲು ಸ್ಟೆಪ್ನಿಗೆ ಬಣ್ಣ ಮಾಡು. ಕೈ ಪಳಗೋದೂ ಅದರ ಮೇಲೇ ಆಗ್ಲಿ. ಅದು ಪೂರ್ತಿ ಒಣಗಿದ ಮೇಲೆ ಒಂದು ಗಾಲಿಯ ಜಾಗಕ್ಕೆ ಹಾಕು, ಬಿಚ್ಚಿದ್ದನ್ನ ತಗೊಂಡು ಅದಕ್ಕೆ ಶುರು ಮಾಡು. ಒಂದಾದ ಮೇಲೊಂದರಂಗೆ ಐದೂ ಮುಗೀತಾವೆ, ಗಾಡಿ ಒಂದು ದಿನವೂ ನಿಲ್ಲೋದಿಲ್ಲ. ಆದ್ರೆ ಆ ಹೊತ್ತಲ್ಲಿ ಸ್ಟೆಪ್ನಿ ಇರಲ್ಲ. ಹಿರಿಯೂರು, ಹೊಸದುರ್ಗ ಅಂತ ದೂರದ ದಾರಿ ಇಟ್ಕೋಬ್ಯಾಡ.

ಅಳಿಯ: ಬಿಚ್ಚಿದ ಮೇಲೆ?

ಮಾವ: ಮೊದಲು ನೋಡು. ಮಣ್ಣು ತೊಳೆದು, ಬಿಸಿಲಿಗೆ ಹಿಡಿದು, ನಟ್ಟಿನ ತೂತುಗಳ ಸುತ್ತ, ವೆಲ್ಡಿನ ಉದ್ದಕ್ಕೂ ಬಿರುಕು ಐತಾ ಅಂತ ಹುಡುಕು. ತೂತು ದುಂಡಗಿದ್ದದ್ದು ಉದ್ದಕ್ಕೆ ಸವೆದಿದ್ರೆ, ಬಿರುಕು ಬಿಟ್ಟಿದ್ರೆ, ತುಕ್ಕು ಆಳಕ್ಕೆ ತಿಂದು ತಗಡು ತೆಳ್ಳಗಾಗಿದ್ರೆ ಆ ರಿಮ್ಮಿಗೆ ಬಣ್ಣ ಹೊಡೀಬ್ಯಾಡ. ವೆಲ್ಡೂ ಮಾಡಿಸಬ್ಯಾಡ. ಅದೇ ಗಾಡಿಯ ಒಳ್ಳೇ ಹಳೇ ರಿಮ್ ಹುಡುಕಿ ತಾ. ಅಂಚು ಅಲ್ಪ ಸ್ವಲ್ಪ ಬಗ್ಗಿದ್ರೆ ರಿಮ್ ಬೆಂಡ್ ತೆಗೆಯೋರ ಹತ್ರ ಪ್ರೆಸ್ಸಿಗೆ ಕೊಟ್ಟು ಸರಿ ಮಾಡಿಸು. ಗ್ಯಾಸಲ್ಲಿ ಕಾಯಿಸಿ ಸುತ್ತಿಗೆಯಲ್ಲಿ ಬಡಿಯೋರಿಗೆ ಮಾತ್ರ ಕೊಡಬ್ಯಾಡ. ಬಣ್ಣ ಬಿರುಕನ್ನ ಮುಚ್ಚತೈತೆ, ವಾಸಿ ಮಾಡೋದಿಲ್ಲ.

ಅಳಿಯ: ಆಮೇಲೆ ಉಜ್ಜೋದು.

ಮಾವ: ಉಜ್ಜೋದಕ್ಕೆ ಮುಂಚೆ ಜಿಡ್ಡು ತೆಗೀಬೇಕು. ಟಾರು, ಗ್ರೀಸಿಗೆ ಸೀಮೆಎಣ್ಣೆ ಇಲ್ಲಾ ಡೀಸೆಲ್ಲು. ಆದ್ರೆ ಅದೂ ಜಿಡ್ಡೇ. ಹಿಂದೆಯೇ ಸೋಪಿನ ನೀರಲ್ಲಿ ಚೆನ್ನಾಗಿ ತೊಳೀಬೇಕು. ಜಿಡ್ಡಿನ ಮೇಲೆ ಎಮರಿ ಆಡಿಸಿದ್ರೆ ಜಿಡ್ಡನ್ನ ಗೀರಿನೊಳಗೆ ತುಂಬಿದಂಗೆ. ಆಮೇಲೆ ವೈರ್ ಬ್ರಶ್. ಏಳೋದೆಲ್ಲ ಏಳ್ಲಿ. ಮೊದಲು 80 ನಂಬರ್ ಎಮರಿ, ಆಮೇಲೆ 120, 220, ಕಡೆಗೆ 320. ಹಳೇ ಬಣ್ಣ ಗಟ್ಟಿಯಾಗಿರೋ ಕಡೆ ಬರೀ 320ರಲ್ಲಿ ಹೊಳಪು ಸಾಯಿಸಿದ್ರೆ ಸಾಕು. ಹಳೇ ಬಣ್ಣ ಮುಗಿದು ಬರೀ ಕಬ್ಬಿಣ ಶುರುವಾಗೋ ಗಡಿಯಲ್ಲಿ ಬೆರಳು ಆಡಿಸು. ಬೆರಳಿಗೆ ಮೆಟ್ಟಿಲು ಸಿಗಬಾರದು. ಸಿಕ್ಕಿದ್ರೆ ಬಣ್ಣ ಹೊಡೆದ ಮೇಲೆ ಕಣ್ಣಿಗೂ ಸಿಗತೈತೆ.

ಅಳಿಯ: ಕುಳಿಯೊಳಗೆ ಉಳಿಯೋ ತುಕ್ಕು?

ಮಾವ: ಅದಕ್ಕೆ ರಸ್ಟ್ ಕನ್ವರ್ಟರ್ ಅಂತ ಸಿಗತೈತೆ. ಸುಮಾರಿನವು ಫಾಸ್ಫರಿಕ್ ಆಸಿಡ್ ಇರೋವು. ಸಡಿಲ ತುಕ್ಕು ಪೂರ್ತಿ ಉದುರಿಸಿದ ಮೇಲೆ, ಉಳಿದದ್ದಕ್ಕೆ ಬ್ರಶ್ಶಲ್ಲಿ ಹಚ್ಚು. ಡಬ್ಬದ ಮೇಲೆ ಎಷ್ಟು ಹೊತ್ತು ಅಂತ ಬರೆದಿರ್ತಾರೋ ಅಷ್ಟು ಹೊತ್ತು ಬಿಡು. ಕೈಗೆ ಗ್ಲೌಸ್ ಇರ್ಲಿ. ಇನ್ನೊಂದು ಮಾತು, ಕಬ್ಬಿಣ ಬೆಳ್ಳಗೆ ಬಂದ ಮೇಲೆ ಸಂಜೆವರೆಗೆ ಹಂಗೇ ಬಿಟ್ಟು ಹೋಗಬ್ಯಾಡ. ರಾತ್ರಿಯ ಥಂಡಿಗೆ ಮತ್ತೆ ಕೆಂಪು ಹತ್ತತೈತೆ. ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು.

ಅಳಿಯ: ಬಣ್ಣದ ವಿಷಯಕ್ಕೆ ಬಂದರೆ ಅಂಗಡಿಯಲ್ಲಿ ಹತ್ತು ಥರ ಹೇಳ್ತಾರೆ. ಯಾವುದನ್ನ ನಂಬೋದು?

ಮಾವ: ಎರಡು ದಾರಿ ಅವೆ, ಬೆರೆಸಬಾರದು ಅಷ್ಟೇ. ಒಂದು ಬ್ರಶ್ಶಿನ ದಾರಿ. ರೆಡ್ ಆಕ್ಸೈಡ್ ಪ್ರೈಮರು, ಮೇಲೆ ಸಿಂಥೆಟಿಕ್ ಎನಾಮಲ್. ಟ್ರ್ಯಾಕ್ಟರು, ಗೇಟಿಗೆಲ್ಲ ಹೊಡೆಯೋದು ಅದೇ. ಅಗ್ಗ, ಬಾಳಿಕೆ ಬರ್ತೈತೆ, ಒಣಗೋಕೆ ಮಾತ್ರ ಒಂದೊಂದು ಕೋಟಿಗೂ ಒಂದೊಂದು ರಾತ್ರಿ ಬೇಕು. ಇನ್ನೊಂದು ಡಬ್ಬದ ಸ್ಪ್ರೇ ದಾರಿ. ಸ್ಪ್ರೇ ಪ್ರೈಮರು, ಸಿಲ್ವರು, ಮೇಲೆ ಕ್ಲಿಯರ್ ಲ್ಯಾಕರ್. ಬೇಗ ಒಣಗತೈತೆ, ನುಣ್ಣಗೆ ಬರ್ತೈತೆ, ದುಡ್ಡು ಜಾಸ್ತಿ. ಹಸಿ ರೆಡ್ ಆಕ್ಸೈಡಿನ ಮೇಲೆ ಸ್ಪ್ರೇ ಹೊಡೆದ್ರೆ ಅದರಲ್ಲಿರೋ ಖಾರವಾದ ಥಿನ್ನರು ಅಡಿಯ ಪದರವನ್ನ ಎಬ್ಬಿಸಿ ಸುಕ್ಕು ಮಾಡಿಬಿಡ್ತೈತೆ. ಬಹಳ ಜನ ಕೈ ಸುಟ್ಟುಕೊಳ್ಳೋದು ಅಲ್ಲೇ.

ಅಳಿಯ: ನನಗೆ ಯಾವ ದಾರಿ?

ಮಾವ: ಎರಡೂ, ಬೇರೆ ಬೇರೆ ಮೈಗೆ. ಕಾಣದ ಮೈಗೆ ಬ್ರಶ್ಶಲ್ಲಿ ರೆಡ್ ಆಕ್ಸೈಡ್, ಮೇಲೆ ಎರಡು ಕೋಟ್ ಕರಿ ಎನಾಮಲ್. ಬ್ರಶ್ಶಿನ ಗೆರೆ ಬಂದ್ರೂ ಚಿಂತೆಯಿಲ್ಲ, ಪದರ ತುಂಬಿರ್ಬೇಕು. ಕಾಣೋ ಮೈಗೆ ಸ್ಪ್ರೇ. ಒಂದರ ಮೇಲೊಂದು ಬೀಳದಂಗೆ ಅಂಚಿಗೆ ಟೇಪ್ ಹಚ್ಚಿ ಪೇಪರ್ ಮುಚ್ಚು. ಡಬ್ಬ ಚೆನ್ನಾಗಿ ಕುಲುಕು. ಒಂದು ಗೇಣಿಗಿಂತ ಹತ್ರ ಹಿಡೀಬ್ಯಾಡ. ಕೈ ರಿಮ್ಮಿನ ಆಚೆಯಿಂದ ಶುರುವಾಗಿ ಆಚೆಗೇ ನಿಲ್ಲಬೇಕು, ರಿಮ್ಮಿನ ಮೇಲೆ ನಿಲ್ಲಬಾರದು. ಮೊದಲ ಕೋಟಲ್ಲಿ ಅಡಿ ಕಾಣ್ತಿದ್ರೆ ಕಾಣ್ಲಿ. ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೇದು, ಮೂರನೇದು. ಒಂದೇ ಸಲಕ್ಕೆ ಮುಚ್ಚೋಕೆ ಹೋದ್ರೆ ಇಳಿಜಾರಿನಲ್ಲಿ ಬಣ್ಣ ಜಾರಿ ಹನಿಗಟ್ಟತೈತೆ.

ಅಳಿಯ: ಪೌಡರ್ ಕೋಟಿಂಗ್ ಇನ್ನೂ ಗಟ್ಟಿ ಅಂತಾರಲ್ಲ?

ಮಾವ: ಗಟ್ಟಿ, ಹೌದು. ಮರಳು ಹೊಡೆದು ಕಬ್ಬಿಣ ಬಿಳಿ ಮಾಡಿ, ಪುಡಿ ಬಣ್ಣ ಹಿಡಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸ್ತಾರೆ. ಟೈರು, ವಾಲ್ವು ಎಲ್ಲ ಬಿಚ್ಚಬೇಕು, ದಾವಣಗೆರೆಯಂಥ ದೊಡ್ಡ ಊರಿಗೆ ಹೊತ್ತೊಯ್ಯಬೇಕು, ತಿರುಗಾ ಟೈರ್ ಹಾಕಿಸಿ ಬ್ಯಾಲೆನ್ಸಿಂಗ್ ಮಾಡಿಸಬೇಕು. ಐದೂ ರಿಮ್ಮು ಪೂರ್ತಿ ತುಕ್ಕು ಹಿಡಿದಿದ್ರೆ ಅದು ಲೆಕ್ಕಕ್ಕೆ ಬರ್ತೈತೆ. ಆಗಲೂ ಕೂರೋ ಮೈಗೆ ಪುಡಿ ಬೀಳದಂಗೆ ಮುಚ್ಚಿ ಅಂತ ಬಾಯಿಬಿಟ್ಟು ಹೇಳ್ಬೇಕು, ಆ ಪದರ ದಪ್ಪ. ನಿನ್ನವು ಅಷ್ಟು ಕೆಟ್ಟಿಲ್ಲ.

ಅಳಿಯ: ಮನೆಯಲ್ಲೇ ಮಾಡಿದರೆ ಖರ್ಚು ಎಷ್ಟು ಬೀಳಬಹುದು?

ಮಾವ: ಎಮರಿ, ಬ್ರಶ್ಶು, ಟೇಪು, ಅರ್ಧ ಲೀಟರ್ ರೆಡ್ ಆಕ್ಸೈಡು, ಅರ್ಧ ಲೀಟರ್ ಎನಾಮಲ್ಲು, ಆರೇಳು ಸ್ಪ್ರೇ ಡಬ್ಬ, ಒಂದು ಟೈರ್ ಬಿಚ್ಚಿ ಹಾಕೋ ಕೂಲಿ. ಎಲ್ಲ ಸೇರಿ 3,000 ರೂಪಾಯಿ ಕೈಯಲ್ಲಿಟ್ಕೋ. ಅದರಲ್ಲಿ ದೊಡ್ಡ ಪಾಲು ಸ್ಪ್ರೇ ಡಬ್ಬಗಳದ್ದು, ಅಂದ್ರೆ ಕಾಣೋ ಮೈದು. ಕೈ ಬಿಗಿ ಅನ್ನಿಸಿದ್ರೆ ಅಲ್ಲಿ ಕಡಿಮೆ ಮಾಡು. ಮುಂಬದಿಗೂ ಎನಾಮಲ್ಲೇ ಬಳಿ, ಚೆನ್ನಾಗೇ ಇರ್ತೈತೆ. ಎಮರಿಯಲ್ಲಿ, ಪ್ರೈಮರಲ್ಲಿ, ಮೂಗಿಗೆ ಕಟ್ಟೋ ಮಾಸ್ಕಲ್ಲಿ ಮಾತ್ರ ಉಳಿಸೋಕೆ ಹೋಗಬ್ಯಾಡ.

ಅಳಿಯ: ಟವೆಲ್ ಕಟ್ಟಿಕೊಂಡರೆ ಆಗಲ್ವಾ?

ಮಾವ: ಆಗಲ್ಲ. ಟವೆಲ್ಲು ಧೂಳು ತಡೆದ್ರೂ ಥಿನ್ನರ್ ಹಬೆ ತಡೆಯಲ್ಲ. ಈ ಕಸುಬಲ್ಲಿ ಎದೆ ಕೆಡಿಸಿಕೊಂಡೋರನ್ನ ನಾನು ಕಂಡಿದ್ದೀನಿ. ಗಟ್ಟಿ ಮಾಡೋಕೆ ಹಾರ್ಡ್‌ನರ್ ಬೆರೆಸೋ ಪಿಯು ಪೇಂಟನ್ನಂತೂ ಸರಿಯಾದ ಮಾಸ್ಕು, ಗಾಳಿ ಹೋಗೋ ಏರ್ಪಾಟು ಇಲ್ಲದೆ ಮನೆಯಲ್ಲಿ ಹೊಡೀಲೇಬಾರದು. ಉಜ್ಜೋವಾಗಲೂ ಹುಷಾರು. ಹಿಂದಿನ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸ ಇರ್ತಿತ್ತು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅಂತ ಸರ್ಕಾರ 2016ರಲ್ಲಿ ನಿಯಮ ಮಾಡಿತು, 2017ರ ನವೆಂಬರಿಂದ ಜಾರಿಗೆ ಬಂತು. ಅದು ಮನೆ ಬಣ್ಣದ ಮಾತು. ಹಳೇ ಟ್ರ್ಯಾಕ್ಟರಿನ ಗಾಲಿ ಉಜ್ಜೋವಾಗ ಮಕ್ಕಳನ್ನ ಹತ್ರ ಬಿಟ್ಕೋಬ್ಯಾಡ. ಉಳಿದ ಥಿನ್ನರನ್ನ ಚರಂಡಿಗೆ, ಹೊಲಕ್ಕೆ ಸುರೀಬ್ಯಾಡ. ಮುಚ್ಚಳ ಹಾಕಿಡು, ಇನ್ನೊಂದು ಸಲ ಬ್ರಶ್ ತೊಳೆಯೋಕೆ ಆಗತೈತೆ.

ಅಳಿಯ: ಈ ಭಾನುವಾರವೇ ಶುರು ಮಾಡಲಾ? ಆಯುಧ ಪೂಜೆಗೆ ಮುಂಚೆ ಮುಗಿಯಲಿ ಅಂತ ಆಸೆ.

ಮಾವ: ತೊಳೆಯೋದು, ಬಿರುಕು ನೋಡೋದು, ಟೈರಿನ ಅಂಚಿನ ಕೆಲಸ ಶೆಡ್ಡೊಳಗೆ ಈಗಲೇ ಮಾಡು. ಕಾಣೋ ಮೈಗೆ ಬಣ್ಣ ಹೊಡೆಯೋಕೆ ಆಷಾಢ ಸರಿಯಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ, ಈ ತಿಂಗಳ ಗಾಳಿ ಅಂಥದ್ದು. ಹಸಿ ಬಣ್ಣದ ಮೇಲೆ ಧೂಳು ಬಂದು ಕೂತರೆ ಮತ್ತೆ ಉಜ್ಜಬೇಕು. ಜಡಿಮಳೆ ಹಿಡಿದ ದಿನ ಗಾಳಿಯ ತೇವಕ್ಕೆ ಲ್ಯಾಕರು ಬೆಳ್ಳಗೆ ಮಂಕಾಗತೈತೆ. ಶ್ರಾವಣ ಕಳೆದು ಬಿಸಿಲು ಬಿದ್ದ ದಿನ ನೋಡ್ಕೊಂಡು, ಇಬ್ಬನಿ ಆರಿದ ಮೇಲೆ ಬೆಳಗ್ಗೆ ಹತ್ತರಿಂದ ಮಧ್ಯಾಹ್ನದೊಳಗೆ ಹೊಡಿ. ರಿಮ್ಮು ಕೈ ಸುಡೋವಷ್ಟು ಕಾದಿರಬಾರದು. ಆಯುಧ ಪೂಜೆಗೆ ಎಲ್ಲ ಮುಗಿಯದಿದ್ರೆ ಎರಡು ಗಾಲಿಗೇ ಅರಿಶಿನ ಕುಂಕುಮ ಹಚ್ಚು. ದೇವರು ಅವಸರ ಮಾಡೋದಿಲ್ಲ.

ಅಳಿಯ: ಒಣಗಿದ ಮೇಲೆ ಹಾಕೋವಾಗ ಏನು ನೋಡ್ಕೋಬೇಕು?

ಮಾವ: ಸ್ಪ್ರೇ ಒಂದು ಗಂಟೆಯಲ್ಲಿ ಕೈಗಂಟದಂಗೆ ಒಣಗತೈತೆ, ಆದ್ರೆ ಒಳಗೆ ಹಸಿ. ಎರಡು ಮೂರು ದಿನ ಬಿಡು, ಎನಾಮಲ್ ಆದ್ರೆ ವಾರ. ಹಬ್ಬಿನ ಮೇಲಿನ ತುಕ್ಕನ್ನ ವೈರ್ ಬ್ರಶ್ಶಲ್ಲಿ ತೆಗಿ. ಸ್ಟಡ್ಡಿಗೆ ಆಯಿಲ್ ಹಚ್ಚಬ್ಯಾಡ, ಎಷ್ಟು ಬಿಗಿಯಾಯ್ತು ಅನ್ನೋ ಅಂದಾಜು ತಪ್ಪತೈತೆ. ನಾಲ್ಕು ನಟ್ಟನ್ನೂ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸು. ಜಾಕ್ ಇಳಿಸಿದ ಮೇಲೆ ಪಾನಾ ಹಾಕಿ ಎದುರುಬದುರಾಗಿ ಬಿಗಿ ಮಾಡು, ಸುತ್ತಲೂ ಸಾಲಾಗಿ ಅಲ್ಲ. ಎದುರುಬದುರು ಬಿಗಿದ್ರೆ ರಿಮ್ ಹಬ್ಬಿನ ಮೇಲೆ ಓರೆಯಾಗದೆ ಕೂರತೈತೆ. ಪಾನಾದ ಮೇಲೆ ಕಾಲಿಟ್ಟು ಕುಣೀಬ್ಯಾಡ, ಸ್ಟಡ್ ಕಿತ್ತು ಬರ್ತೈತೆ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ತಪ್ಪದೆ ಇನ್ನೊಂದು ಸಲ ಪಾನಾ ಹಾಕಿ ನೋಡು. ಬಣ್ಣ ಹೊಡೆದ ಗಾಲಿಗೆ ಇದು ಕಡ್ಡಾಯ ಅಂತ ತಿಳ್ಕೋ.

ಅಳಿಯ: ನಮ್ಮ ಬೀದಿಯಲ್ಲೇ ಇಂಥ ಹಳೇ ಕಾರು ಇನ್ನೂ ಮೂರಿವೆ ಮಾವ. ಒಬ್ಬರು ಚಿಕ್ಕಜಾಜೂರು ಸ್ಟೇಷನ್ನಿಗೆ ಬಾಡಿಗೆ ಓಡಿಸ್ತಾರೆ. ಎಲ್ಲರ ರಿಮ್ಮೂ ಹೀಗೇ ಇವೆ.

ಮಾವ: ಹಂಗಾದ್ರೆ ಒಬ್ಬನೇ ಯಾಕೆ ಮಾಡ್ತೀಯ? ಅರ್ಧ ಲೀಟರ್ ಪ್ರೈಮರ್ ಒಂದು ಗಾಡಿಗೆ ಪೂರ್ತಿ ಖರ್ಚಾಗಲ್ಲ, ಡಬ್ಬ ಒಡೆದಿಟ್ರೆ ಮುಂದಿನ ವರ್ಷಕ್ಕೆ ಕೆನೆಗಟ್ಟಿ ಹೋಗ್ತೈತೆ. ನಾಲ್ಕು ಜನ ಸೇರಿದ್ರೆ ದೊಡ್ಡ ಡಬ್ಬ ತಂದು ಹಂಚ್ಕೋಬಹುದು. ವೈರ್ ಬ್ರಶ್ಶು, ಒಳ್ಳೇ ಮಾಸ್ಕು ಕೊಂಡರೂ ಭಾರ ಅನ್ನಿಸಲ್ಲ. ಒಬ್ಬ ಉಜ್ಜಿದ್ದನ್ನ ಇನ್ನೊಬ್ಬ ಬೆರಳಾಡಿಸಿ ನೋಡ್ಲಿ, ತನ್ನ ಕಣ್ಣಿಗೆ ಬೀಳದ್ದು ಇನ್ನೊಬ್ಬರ ಬೆರಳಿಗೆ ಸಿಗತೈತೆ. ದುಡ್ಡು ಕಮ್ಮಿ ಇದ್ದೋರು ಕೆಲಸವನ್ನ ಕಮ್ಮಿ ಮಾಡಬಾರದು ಕಣಪ್ಪ. ದುಡ್ಡಿನ ಜಾಗಕ್ಕೆ ಹೊತ್ತು ಹಾಕಬೇಕು, ಪಕ್ಕದೋರ ಕೈ ಹಾಕಬೇಕು. ಸಾಹುಕಾರರ ಗಾಡಿಯ ನಟ್ಟೂ ಬಿಗಿಯಾಗಿರ್ಬೇಕು, ನಿಮ್ಮ ಗಾಡಿಯ ನಟ್ಟೂ ಬಿಗಿಯಾಗಿರ್ಬೇಕು. ಬೇಕಾದ್ರೆ ನಾನೂ ಒಂದು ಭಾನುವಾರ ಬಂದು ತೋರಿಸಿಕೊಡ್ತೀನಿ.

ಅಳಿಯ: ಬಂದರೆ ಅದಕ್ಕಿಂತ ಇನ್ನೇನು ಬೇಕು. ಹಾಗಾದರೆ ನಾಲ್ಕು ಗಾಡಿಯಲ್ಲಿ ಮೊದಲು ಯಾರದು ಮಾಡೋದು? ಎಲ್ಲರೂ ನಂದೇ ಮೊದಲು ಅಂತಾರೆ.

ಮಾವ: ನಾಲ್ಕೂ ಗಾಡಿಯ ಕೆಳಗೆ ಬಗ್ಗಿ ಬ್ಯಾಟರಿ ಬಿಟ್ಟು ನೋಡು. ಯಾರ ರಿಮ್ಮಿನ ಹಿಂಬದಿ ಹೆಚ್ಚು ತಿಂದೈತೋ, ಮೊದಲು ಅವರದು.